ತಾತನನ್ನು ಕೂರಿಸಿದ ಹಸಿ ನೆಲ

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ತಾತನಿಗೆಂದು ಮಾನ್ವಿ ಹತ್ತಿರದ ನಮ್ಮ ಭತ್ತದ ಗದ್ದೆಯಲ್ಲಿ ಕುಣಿ ತೋಡಿದಾಗ ಸೊಂಟದ ಆಳಕ್ಕೇ ನೀರು ಜಿನುಗಿತು. ಕಾಲುವೆ ತುಂಬಿ ಹರಿಯುವ ದಿನಗಳು, ಬರದೆ ಏನು ಮಾಡುತ್ತದೆ? ಕಾಕಾ ಮಾತ್ರ ಕೈ ಮುಗಿದು, "ಗಂಗವ್ವ ತಾನಾಗೇ ಬಂದಾಳ. ಅಪ್ಪ ಪುಣ್ಯವಂತ," ಎಂದ. ಬಕೆಟ್ಟಿನಲ್ಲಿ ಎತ್ತಿ ಚೆಲ್ಲಿದರು, ಉಪ್ಪು ಸುರಿದರು. ನೀರು ಮತ್ತೆ ಬಂತು. ಅದರಲ್ಲೇ ನನ್ನ ತಾತನನ್ನು ಕಾಲು ಮಡಚಿ ಕೂರಿಸಿದರು. ವರ್ಷವಾಯಿತು, ನನ್ನ ಸಿಟ್ಟು ಇಳಿದಿಲ್ಲ.

ತಾತನಿಗೆ ಹಸಿ ಎಂದರೆ ಆಗುತ್ತಿರಲಿಲ್ಲ. ದೇವದುರ್ಗ ಕಡೆಯ ಒಣ ಬೇಸಾಯದ ಮನುಷ್ಯ. ಮನೆ ಅಳಿಯನಾಗಿ ಅಜ್ಜಿಯ ಊರಿಗೆ ಬಂದು, ಅಜ್ಜಿಯ ಗದ್ದೆಗೆ ಇಳಿದ. ಕಾಲ್ಬೆರಳ ಸಂದಿನ ಕೆಸರುಹುಣ್ಣು ಕಡೆಯವರೆಗೂ ವಾಸಿಯಾಗಲಿಲ್ಲ. ಸಂಜೆ ಕಟ್ಟೆಯ ಮೇಲೆ ಕೂತು ಬೇವಿನೆಣ್ಣೆ ಹಚ್ಚುತ್ತ, ಹಳೆ ಧೋತರದ ಚಿಂದಿಯಿಂದ ಒಂದೊಂದೇ ಬೆರಳು ಒರೆಸುತ್ತಿದ್ದ. "ಇವು ಜ್ವಾಳದ ಕಾಲಪಾ, ನೆಲ್ಲಿನ ಕೆಸರಿಗೆ ಒಗ್ಗಂಗಿಲ್ಲ," ಎಂದು ನಗುತ್ತಿದ್ದ. ಮನೆ ತುಂಬ ಅಕ್ಕಿ ಇದ್ದರೂ ರೊಟ್ಟಿ ಬಿಟ್ಟು ಬೇರೆ ಉಣ್ಣಲಿಲ್ಲ.

ಸಾಯುವುದಕ್ಕೆ ಕೆಲವು ತಿಂಗಳು ಮುಂಚೆ ಕಣ್ಣಿನ ಆಪರೇಷನ್ನಿಗೆಂದು ರಾಯಚೂರಿನ ನನ್ನ ಮನೆಗೆ ಬಂದಿದ್ದ. ಕಣ್ಣಿಗೆ ಪಟ್ಟಿ ಕಟ್ಟಿದ್ದರು. ಚಹಾವನ್ನು ಬಸಿಗೆ ಸುರಿದು ಆರಿಸಿ ಕೈಗೆ ಕೊಟ್ಟೆ. ಕುಡಿದು, "ನನ್ನ ಹಸಿ ನೆಲದಾಗ ಕುಂದ್ರಿಸಬ್ಯಾಡ್ರಪಾ. ದೇವದುರ್ಗಕ್ಕ ಒಯ್ರಿ," ಅಂದ.

ಅಂದನೇ? ನಾನು ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿದವನು. ನೆನಪನ್ನು ಪ್ರತಿ ಸಲವೂ ನಾವು ಹೊಸದಾಗಿ ಕಟ್ಟಿಕೊಳ್ಳುತ್ತೇವೆ ಎಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ದೇವದುರ್ಗಕ್ಕೆ ಒಯ್ಯಿರಿ ಅಂದದ್ದು ಖಚಿತ. ಅಲ್ಲಿರುವ ತನ್ನ ತಂಗಿಯನ್ನು ನೋಡಲು ಕೇಳಿರಬಹುದು. ಹಸಿ ನೆಲದ ಮಾತನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ.

ಆದರೂ ಅವತ್ತು ಕುಣಿಯ ಅಂಚಿನಲ್ಲಿ ಕಾಕಾನಿಗೆ ಹೇಳಿದೆ.

"ಖರೇನ ಹಂಗ ಅಂದಾನೇನು?"

"ನನ್ನ ನೆನಪಿನ ಪ್ರಕಾರ ಅಂದಾನ."

"ಪ್ರಕಾರ ಗಿಕಾರ ಬ್ಯಾಡ. ವಿಭೂತಿ ಮುಟ್ಟಿ ಹೇಳು."

ನನಗೆ ವಿಭೂತಿಯಲ್ಲಿ ನಂಬಿಕೆಯಿಲ್ಲ. ಆದರೆ ಗೊತ್ತಿಲ್ಲದ್ದನ್ನು ಗೊತ್ತು ಎನ್ನಲಾರೆ. ಕೈ ಚಾಚಲಿಲ್ಲ.

"ಓದಿದವ್ರದು ಇಷ್ಟ ನೋಡ್ರಿ. ತಾತ ಅಂದದ್ದಕ್ಕೂ ಒಂದು ಪ್ರಕಾರ ಅದ," ಎಂದು ಕಾಕಾ ನೆರೆದವರ ಕಡೆ ತಿರುಗಿದ. ಹೆಣದ ಮುಂದೆಯೇ ಕೆಲವರು ನಕ್ಕರು. ಕಾಲುವೆಯ ನೀರನ್ನು ಗಂಗೆ ಎಂದವನಿಂದ ಯಾರೂ ಆಣೆ ಕೇಳಲಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಈಗ ಆ ಕುಣಿಯ ಮೇಲೆ ಟೈಲ್ಸ್ ಹಾಕಿದ ಗದ್ದುಗೆ ಎದ್ದಿದೆ. ಒಂದು ಮೂಲೆ ಆಗಲೇ ಕುಸಿದಿದೆ. ವರ್ಷದ ಪೂಜೆಯ ಮರುದಿನ ಅಜ್ಜಿಯನ್ನು ಕೇಳಿದೆ.

"ಯವ್ವಾ, ತಾತ ನಿನಗೇನರ ಹೇಳಿದ್ದನೇನು?"

"ಹೇಳಿದ್ದ. ಹಸಿ ನೆಲ ಬ್ಯಾಡ, ನಮ್ಮೂರಿಗೆ ಒಯ್ರಿ ಅಂತ. ನಿನಗಿಂತ ಮೊದಲ ನನಗ ಹೇಳಿದ್ದ."

"ಮತ್ತ ಅವತ್ತು ಯಾಕ ಸುಮ್ನ ಕುಂತಿ?"

"ನಾಳಿ ನಾನೂ ಅವನ ಬಾಜೂಕ ಕುಂದ್ರಬೇಕಲ್ಲೋ. ಆ ಊರಾಗ ನನಗ ಯಾರದಾರ? ಇದು ನಮ್ಮಪ್ಪನ ಹೊಲ. ಬದುಕಿದ್ದಾಗ ಇದ್ದಾನ, ಸತ್ತ ಮ್ಯಾಲ ಇರಾಕ ಏನಾಗೇದ?"

ನನ್ನ ನೆನಪು ಸರಿಯಾಗಿಯೇ ಇತ್ತು. ಸಮಾಧಾನವಾಗಬೇಕಿತ್ತು, ಮೈ ಉರಿದುಹೋಯಿತು. ಕಾಕಾನ ಮೇಲೆ ಸಿಟ್ಟಾಗುವುದು ಸುಲಭವಿತ್ತು. ಎದ್ದು ಸಲಿಕೆ ಹಿಡಿದು ಗದ್ದೆಗೆ ಹೋದೆ. ನೀರು ಬಸಿದು ಹೋಗಲೆಂದು ಗದ್ದುಗೆಯ ಸುತ್ತ ಬಸಿಗಾಲುವೆ ತೋಡತೊಡಗಿದೆ.

"ನೆಲ್ಲು ಒಣಗತಾವಲೇ," ಎಂದು ಕಾಕಾ ಬದುವಿನಿಂದ ಕೂಗಿದ.

"ಒಣಗಲಿ."

ಅಜ್ಜಿ ಕೋಲೂರಿಕೊಂಡು ಬಂದು ಬದುವಿನ ಮೇಲೆ ಕೂತಳು. ನಾನು ತಲೆ ಎತ್ತಲಿಲ್ಲ.

"ಇನ್ನಾ ಆಚಿ ತಗಿ," ಎಂದಳು. "ನನ್ನ ಜಾಗಾನೂ ಒಳಗ ಬರ್ಲಿ."

ಆ ಸಿಟ್ಟಿನಲ್ಲೇ ಎರಡು ಮಾರು ಆಚೆ ಸರಿದು ಮತ್ತೆ ಮೊದಲಿನಿಂದ ತೋಡಿದೆ.