ಸಿಪ್ಪೆಯ ದಪ್ಪ

ಪಟ್ಟಣದ ಶಹಾಬಜಾರದ ಬಾಡಿಗೆ ಮನೆಯಲ್ಲಿ ಮೊದಲ ಬೆಳಗ್ಗೆ ಅಂಗಳಕ್ಕೆಂದು ಎರಚಿದ ನೀರು ಎದುರು ಮನೆಯ ಗೋಡೆಗೆ ಬಡಿಯಿತು. ಅಂಗಳವೇ ಇರಲಿಲ್ಲ.

"ಅಕ್ಕಾ, ಜರಾ ಆಹಿಸ್ತಾ! ನಮ್ಮ ಗ್ವಾಡಿಗೆ ಯಾಕ ಸ್ನಾನ ಮಾಡಸ್ತೀರಿ?" ಕಿಟಕಿಯಿಂದ ಒಬ್ಬಾಕೆ ಕೂಗಿದರು. ಜರಾ ಆಹಿಸ್ತಾ ಎಂದರೆ ತುಸು ನಿಧಾನ. ಈ ಓಣಿಯಲ್ಲಿ ಅದಿಲ್ಲದೆ ದಿನ ಸಾಗದು.

ನಮ್ಮೂರು ಕಮಲಾಪುರದಲ್ಲಿ ಎಷ್ಟು ದೂರ ಎರಚಿದರೂ ನೀರು ನಮ್ಮದೇ ನೆಲಕ್ಕೆ ಬೀಳುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಲ್ಲಿ ಒಳಗೆ ಕೂರಲಾರೆ, ಹೊರಗೆ ನಿಲ್ಲಲಾರೆ. ಇಲ್ಲಿ ಅವರ ತಂಗಿ ಸವಿತಾ, ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವವಳು, ಪುಸ್ತಕ ಮುಚ್ಚಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಪ್ರಾಧ್ಯಾಪಕರ ಮುಂದೆ ತನ್ನ ಕೆಲಸ ವಿವರಿಸುವ ದಿನ ಹತ್ತಿರವಿತ್ತು. ಹೋಗುವುದಿಲ್ಲ ಎನ್ನುತ್ತಿದ್ದಳು. ಮೊದಲ ಸಾಲಿನಲ್ಲಿ ಕೂತು ಕೇಳುತ್ತೇನೆ ಎಂದಿದ್ದ ಅಣ್ಣನೇ ಇಲ್ಲವಲ್ಲ. ರೊಟ್ಟಿ ಬಡಿದು ಹಾಕುವ ನೆಪದಲ್ಲಿ ನಾನು ಬಂದೆ.

"ಏನದ ನಿನ್ನ ಕೆಲಸ? ನನಗರೆ ಹೇಳು," ಎಂದೆ ಒಂದು ಮಧ್ಯಾಹ್ನ.

ಸೀಸದ ಪರಮಾಣುವಿನ ನಡುವಿನ ಬೀಜ ಎಷ್ಟು ದೊಡ್ಡದು ಎಂಬುದು ಅವಳ ಪ್ರಶ್ನೆ. ಬೀಜದೊಳಗಿನ ಪ್ರೋಟಾನಿಗೆ ವಿದ್ಯುತ್ತಿದೆ. ಎಲೆಕ್ಟ್ರಾನು ಎಸೆದರೆ ಪ್ರೋಟಾನಿನ ಜಾಗ ತಿಳಿಯುತ್ತದೆ. ನ್ಯೂಟ್ರಾನಿಗೆ ವಿದ್ಯುತ್ತಿಲ್ಲ, ಸುಲಭಕ್ಕೆ ಸಿಗದು. ದೂರದೇಶದ ಯಂತ್ರಗಳಲ್ಲಿ ಎಲೆಕ್ಟ್ರಾನನ್ನು ಬುಗುರಿಯಂತೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗಿಸಿ ಎಸೆದು, ಚದುರುವುದರಲ್ಲಿ ಕಾಣುವ ಕೂದಲೆಳೆಯಷ್ಟು ವ್ಯತ್ಯಾಸದಿಂದ ನ್ಯೂಟ್ರಾನನ್ನು ಹಿಡಿಯುತ್ತಾರಂತೆ. ನ್ಯೂಟ್ರಾನುಗಳು ತುಸು ಹೊರಗೆ ಹರಡಿ ಸಿಪ್ಪೆಯಂತಿರುತ್ತವೆ. ಆ ಸಿಪ್ಪೆಯ ದಪ್ಪವನ್ನು ಇವಳು ಲೆಕ್ಕ ಹಾಕುತ್ತಾಳೆ.

ಸಿಪ್ಪೆ ಎಂದರೆ ನನಗೆ ಗೊತ್ತು. ಊರಿಂದ ತಂದ ಕೆಂಪು ಬಾಳೆಹಣ್ಣು ಸುಲಿದು, ಸಿಪ್ಪೆಯನ್ನು ಅವಳ ಸ್ಕೇಲಿಗೆ ಹಿಡಿದೆ. "ಹಿಂಗೇನವಾ?"

ಬಹಳ ದಿನದ ಮೇಲೆ ನಕ್ಕಳು. "ವೈನಿ, ಸುಲದು ಅಳೆಯೋ ಹಂಗಿದ್ರ ನಾ ಯಾಕ ಇಷ್ಟ್ ವರ್ಷ ಓದ್ತಿದ್ದೆ? ನ್ಯೂಟ್ರಾನು ಬೀಜದ ಒಳಗೂ ಎಲ್ಲಾ ಕಡಿ ಬೆರತೇ ಇರ್ತಾವ. ಅಂಚಿನ್ಯಾಗ ಅಷ್ಟ ಜರಾ ಹೆಚ್ಚಿಗಿ."

"ಮತ್ತ ಸಿಪ್ಪಿ ಅಂತ ಯಾಕಂತೀರಿ?"

"ಹೆಸರಿಟ್ಟವರಿಗೆ ಕೇಳ್ರಿ." ಆಮೇಲೆ ದನಿ ಇಳಿಯಿತು. "ಅಣ್ಣ ಇದ್ದಿದ್ರ ಹಣ್ಣು ತಿಂದು, ಸಿಪ್ಪಿ ನನ್ನ ಕೈಯಾಗ ಇಡ್ತಿದ್ದ."

ಇಬ್ಬರೂ ಅತ್ತೆವು. ಹಣ್ಣು ಹಂಚಿಕೊಂಡೆವು.

"ಮೊದಲನೇ ಸಾಲಿನ್ಯಾಗ ನೀವು ಕೂಡ್ತೀರೇನು?"

"ತೂಕಡಿಸಿದ್ರ ಬೈಬ್ಯಾಡ."

"ಅಣ್ಣನೂ ತೂಕಡಿಸವನೇ ಇದ್ದ ಬಿಡ್ರಿ."

ಆ ದಿನ ಮೊದಲ ಸಾಲಿನಲ್ಲೇ ಕೂತೆ. ಮೊದಲು ಅವಳ ದನಿ ನಡುಗಿತು, ಆಮೇಲೆ ಇಲ್ಲ. ನಾನು ತೂಕಡಿಸಲಿಲ್ಲ.

ಅವಳ ಕೆಲಸವೇನೋ ದಡ ಸೇರಿತು. ನಾನು ಮಾತ್ರ ಊರಿಗೆ ಪೂರ್ತಿ ಹಿಂತಿರುಗಲಿಲ್ಲ. ಅಲ್ಲಿದ್ದರೆ ಇಲ್ಲಿಗೆ ಬರುವ ಬಸ್ಸು ನೆನಪಾಗುತ್ತದೆ, ಇಲ್ಲಿದ್ದರೆ ಅಲ್ಲಿಗೆ ಹೋಗುವುದು. ಹೋದ ವಾರ ಕಮಲಾಪುರದ ಅಂಗಳದಲ್ಲಿ ನೀರು ಹಾಕುತ್ತಿದ್ದಾಗ ನೆರೆಯಾಕೆ ಕೇಳಿದಳು: "ಯಾಕ, ಕಾಲ ಬುಡಕ್ಕೇ ಸುರವಾಕತ್ತೀ?"

"ಎದುರಿನವರ ಗ್ವಾಡಿ ತೊಯ್ತದ," ಎಂದುಬಿಟ್ಟೆ.

ಎದುರಿಗೆ ಬಾಳೆತೋಟವಷ್ಟೇ ಇತ್ತು.