ಕೆಂಚಪ್ಪ ವಿಷ ಇಟ್ಟ ಟಗರು

ಹುಳಿಯಾರು ಕಡೆಯ ಒಂದು ಕುರುಬರ ಹಟ್ಟಿಯ ಕೆಂಚಪ್ಪ ತೋಳವನ್ನು ಬಯ್ದವನಲ್ಲ. ವರ್ಷಕ್ಕೆ ಎರಡೋ ಮೂರೋ ಮರಿ ಹೋದರೆ ಅದು ತೋಳದ ಪಾಲು, ಅದಕ್ಕೂ ಹೊಟ್ಟೆ ಇದೆ ಎಂದು ಅವನಪ್ಪ ಹೇಳಿಕೊಟ್ಟಿದ್ದ. ಆದರೆ ತೊಂಬತ್ತಾರರ ಬೇಸಿಗೆಯಲ್ಲಿ ತೋಳ ಹಿಡಿದದ್ದು ಬೀರದೇವರಿಗೆ ಮೀಸಲು ಬಿಟ್ಟಿದ್ದ ಟಗರನ್ನು. ಹೆಂಡತಿ ಬೋರಮ್ಮ ಜ್ವರ ಬಂದು ಸಾಯುವಂತಾಗಿ ಬದುಕಿದಾಗ ಹೊತ್ತ ಹರಕೆ ಅದು. ದೇವರ ಪಾಲಿಗೇ ಬಾಯಿ ಹಾಕಿತಲ್ಲ, ಇನ್ನು ಬೋರಮ್ಮನಿಗೆ ಏನು ಕಾದಿದೆಯೋ ಎಂದು ಅವನು ಹೆದರಿದ. ಹೆದರಿಕೆ ಸಿಟ್ಟಾಗಲು ಎಷ್ಟು ಹೊತ್ತು ಬೇಕು!

ಬೇರೆ ಕುರಿಯಾಗಿದ್ದರೆ ಉಳಿದ ಮಾಂಸವನ್ನು ಹಟ್ಟಿಯವರು ಹಂಚಿಕೊಳ್ಳುತ್ತಿದ್ದರು. ಮೀಸಲು ಟಗರನ್ನು ಯಾರೂ ಮುಟ್ಟುವಂತಿರಲಿಲ್ಲ. ತೋಳ ಅರ್ಧ ತಿಂದು ಬಿಟ್ಟದ್ದು ಹಟ್ಟಿಯಾಚೆಯ ದಿಬ್ಬದಲ್ಲಿ, ಬೋರೆಯ ಮೇಲೆ ಹಾಗೇ ಬಿದ್ದಿತ್ತು. ತಿನ್ನಲು ಅದು ಮತ್ತೆ ಬಂದೇ ಬರುತ್ತದೆಂದು ಕೆಂಚಪ್ಪನಿಗೆ ಗೊತ್ತು. ಗೊಬ್ಬರಕ್ಕೆಂದು ಅವನ ಮಂದೆ ನಿಲ್ಲಿಸಿಕೊಂಡಿದ್ದ ಪರಮಶಿವಯ್ಯನವರ ತೆಂಗಿನ ತೋಟದಲ್ಲಿ ದುಂಬಿಗೆ ಹೊಡೆಯುವ ಔಷಧಿ ಇತ್ತು. ಒಂದು ಬಾಟಲಿ ತಂದು ಟಗರಿನ ಹೊಟ್ಟೆಯೊಳಕ್ಕೆ ಸುರಿದ.

ತೋಳಕ್ಕಿಂತ ಮೊದಲು ರಣಹದ್ದುಗಳು ಇಳಿದವು. ಮರುದಿನ ಹೋಗಿ ನೋಡಿದರೆ ಹದಿನೇಳು ಹದ್ದು ರೆಕ್ಕೆ ಹರಡಿಕೊಂಡು ಸತ್ತಿದ್ದವು. ತೋಳದ ಸುಳಿವೇ ಇರಲಿಲ್ಲ. ಅವನು ಬಾಟಲಿಯನ್ನು ಪೊದೆಗೆ ಎಸೆದು ಮನೆಗೆ ಬಂದ. ಹದ್ದಿಗೆ ಏನೋ ರೋಗ ಬಡಿದಿರಬೇಕು ಎಂದು ಹಟ್ಟಿಯವರು ಮಾತಾಡಿಕೊಂಡರು. ಇವನೂ ಹೂಂಗುಟ್ಟಿದ.

ಅಲ್ಲಿಂದ ಮುಂದೆ ಹದ್ದು ಇಳಿಯಲಿಲ್ಲ, ಬೋರೆ ಕೊಳೆಯತೊಡಗಿತು. ಮೊದಲೆಲ್ಲ ಸತ್ತ ಎತ್ತನ್ನು ಎಳೆದು ಹಾಕಿದರೆ ಸಂಜೆಯೊಳಗೆ ಬರೀ ಮೂಳೆ ಉಳಿಯುತ್ತಿತ್ತು. ಈಗ ಎಂಟು ದಿನವಾದರೂ ನಾರುತ್ತಿತ್ತು. ಆ ನಾತಕ್ಕೆ ಸುತ್ತಲ ಊರಿನ ನಾಯಿಗಳೆಲ್ಲ ಬಂದವು, ಅಲ್ಲೇ ತಿಂದು ಅಲ್ಲೇ ಮರಿ ಹಾಕಿದವು. ನಾಲ್ಕೈದು ವರ್ಷದಲ್ಲಿ ಅವು ಐವತ್ತು ಅರವತ್ತಾದವು. ಹೆಣ ಸಿಗದ ದಿನ ಮಂದೆಗೇ ನುಗ್ಗುತ್ತಿದ್ದವು. ತೋಳವಾದರೆ ಒಂದನ್ನು ಹೊತ್ತು ಹೋಗುತ್ತಿತ್ತು, ಇವು ಹತ್ತನ್ನು ಕಚ್ಚಿ ಕೆಡವುತ್ತಿದ್ದವು. ಯಾವುದು ಎಲ್ಲಿಂದ ಶುರುವಾಯಿತೆಂದು ಕೆಂಚಪ್ಪನಿಗೆ ತಿಳಿದಿತ್ತು. ತಿಳಿದೂ ಬಾಯಿ ಬಿಡಲಿಲ್ಲ, ಹೇಡಿ.

ಎರಡು ಸಾವಿರದ ಎರಡರ ಮಾಗಿಯಲ್ಲಿ, ನಾಯಿಗಳ ಬಾಯಿಂದ ಮರಿಗಳನ್ನು ಬಿಡಿಸಲು ಹೋದ ಬೋರಮ್ಮನ ಹಿಮ್ಮಡಿಗೆ ಒಂದು ನಾಯಿ ಬಾಯಿ ಹಾಕಿತು. ಹಲ್ಲು ಸೋಕಿದ್ದಷ್ಟೇ. ತಿಪಟೂರು ಆಸ್ಪತ್ರೆಗೆ ಹೋಗೋಣವೆಂದು ಕೆಂಚಪ್ಪ ಗೋಗರೆದ. ಹೊಕ್ಕಳ ಸುತ್ತ ಅಷ್ಟೊಂದು ಸೂಜಿ ಚುಚ್ಚಿಸಿಕೊಂಡು ದಿನಾ ಬಸ್ಸಿಗೆ ಅಲೆದರೆ ಹಸಿ ಮರಿಗಳನ್ನು ನೋಡುವವರು ಯಾರು ಎಂದು ಅವಳು ಅರಿಸಿನ ಮೆತ್ತಿಕೊಂಡು ಸುಮ್ಮನಾದಳು. ಅವನೂ ಸುಮ್ಮನಾದ.

ನಲವತ್ತು ದಿನ ಕಳೆದ ಮೇಲೆ ಒಂದು ಬೆಳಗ್ಗೆ ನೀರಿನ ಚೊಂಬು ಕಂಡು ಬೋರಮ್ಮ ಚೀರಿದಳು. ಆಸ್ಪತ್ರೆಯ ಡಾಕ್ಟರು ಕೆಂಚಪ್ಪನನ್ನು ಹೊರಗೆ ಕರೆದು, ಇದು ಹುಚ್ಚುನಾಯಿ ರೋಗ, ಇನ್ನು ಏನೂ ಮಾಡುವ ಹಾಗಿಲ್ಲ ಎಂದರು.

ಮಧ್ಯಾಹ್ನ ಅವಳಿಗೆ ಸ್ವಲ್ಪ ತಿಳಿವು ಬಂತು. ಕೆಂಚಪ್ಪ ಮಂಚದ ಪಕ್ಕ ನೆಲದಲ್ಲಿ ಕೂತು ಎಲ್ಲವನ್ನೂ ಹೇಳಿದ. ಟಗರು, ಔಷಧಿ, ಹದ್ದು, ನಾಯಿ.

"ನಾನೇ ಕಣೇ ನಿನ್ನ ಕೊಂದೋನು," ಎಂದ.

ಬೋರಮ್ಮ ಸೂರು ನೋಡುತ್ತಾ ಮೆಲ್ಲಗೆ ಅಂದಳು: "ನಂಗೊತ್ತಿತ್ತು. ಪೊದೇಲಿದ್ದ ಆ ಬಾಟ್ಲೀನ ಮಣ್ಣು ಮಾಡ್ದೋಳು ನಾನೇಯ. ದೇವ್ರ ಟಗರಿಗೆ ವಿಷ ಇಕ್ಕಿದ್ದಕ್ಕೆ ಹಟ್ಟಿಯೋರು ನಿನ್ನ ಆಚೆಗೆ ಹಾಕ್ತಾರೆ ಅಂತ ಸುಮ್ಕಿದ್ದೆ."

ಆಮೇಲೆ ಬಾಯಾರಿಕೆ ಎಂದಳು. ಅವನು ಹತ್ತಿಯನ್ನು ನೀರಿನಲ್ಲಿ ಅದ್ದಿ ತುಟಿಯ ಹತ್ತಿರ ತಂದ. ಅವಳ ಗಂಟಲು ಬಿಗಿಯಿತು, ಕೈ ಅವನನ್ನು ದೂರ ತಳ್ಳಿತು.