ಕುಸಿಯದ ಸೀಟು

ಸೀಟಣ್ಣನ ಅಂಗಡಿಯಲ್ಲಿ ಮುಷ್ಟಿಯೇ ಅಳತೆಗೋಲು. ಬಸ್ಸಿನ ಸೀಟಿರಲಿ, ಲಾರಿ ಡ್ರೈವರನದಿರಲಿ, ಹೊಲಿದು ಮುಗಿಸಿದ ಮೇಲೆ ನಟ್ಟನಡುವೆ ಮುಷ್ಟಿ ಊರಿ ಮೈಭಾರವನ್ನೆಲ್ಲ ಬಿಡುತ್ತಾನೆ. ಮುಷ್ಟಿ ಬೆರಳಗಲಕ್ಕಿಂತ ಹೆಚ್ಚು ಒಳಗಿಳಿಯಿತೋ, ಹೊಲಿಗೆ ಬಿಚ್ಚಿ ಇನ್ನೊಂದು ಪದರ ಗಟ್ಟಿ ಸ್ಪಂಜು ತುರುಕುತ್ತಾನೆ. ನಲವತ್ತೇಳು ವರ್ಷದಿಂದ ಇದೇ ಕೆಲಸ. ಅವನ ಸೀಟು ಕುಸಿಯುವುದಿಲ್ಲ ಎಂಬ ಒಂದೇ ಮಾತಿಗೆ ಬಸ್ಸಿನ ಮಾಲೀಕರು ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವನ ಹೆಗ್ಗಣ ಊರಿಗೇ ಮುದ್ದಾಗಿತ್ತು.

ಅವನನ್ನು ಸಾಕಿದವಳು ಅಕ್ಕ. ತಾಯಿ ಸತ್ತಾಗ ಇವನಿಗೆ ಆರು, ಅವಳಿಗೆ ಹದಿನೆಂಟು. ಅವಳು ಲಾಂಡ್ರಿಯೊಂದಕ್ಕೆ ಇಸ್ತ್ರಿ ಮಾಡಲು ಸೇರಿ ನಲವತ್ತೊಂದು ವರ್ಷ ನಿಂತಳು. ನಿಂತಳು ಎಂದರೆ ಮಾತಿಗೆ ಹೇಳಿದ್ದಲ್ಲ. ಆ ಕೋಣೆಯಲ್ಲಿ ಕುರ್ಚಿಯೇ ಇರಲಿಲ್ಲ. ಕೂತವರ ಕೈ ನಿಧಾನ ಎಂಬುದು ಯಜಮಾನನ ಸಿದ್ಧಾಂತ. ಅವಳ ಮೀನಖಂಡದಲ್ಲಿ ನರಗಳು ಹುರಿಹಗ್ಗದಂತೆ ಉಬ್ಬಿದ್ದವು. ಮದುವೆಯ ಮಾತನ್ನು ಇವಳೂ ಎತ್ತಲಿಲ್ಲ, ಎತ್ತುವವರೂ ಇರಲಿಲ್ಲ. ಕೊನೆಗೆ ತಮ್ಮ ತನ್ನ ಮನೆಗೆ ಕರೆತಂದು, ಇನ್ನು ನೀನು ಕೂತ್ಕೊಳ್ಳಕ್ಕ, ಸಾಕು ಅಂದ. ಕೂತು ತಿಂದರೆ ಕುಡಿಕೆ ಹೊನ್ನೂ ಸಾಲದು ಕಣೋ ಎಂದು ನಕ್ಕವಳು ಅತ್ತ ಹೋಗಿ ಪಾತ್ರೆ ತೊಳೆಯಲು ನಿಂತಳು.

ಎಪ್ಪತ್ತಾರಕ್ಕೆ ಬಚ್ಚಲಲ್ಲಿ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ಆಪರೇಷನ್ ಆಯಿತು. ಹನ್ನೆರಡನೆಯ ದಿನ ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಕೈಗಿತ್ತ ಹಾಳೆಯಲ್ಲಿ ಏಳು ಮಾತ್ರೆಗಳ ಹೆಸರು, ಕೆಳಗೆ ಒಂದೇ ಸಾಲು: ಮಲಗಿಸಬೇಡಿ, ಕುರ್ಚಿಯಲ್ಲಿ ಕೂರಿಸಿ. ಸರಿಯಾದ ಮಾತೇ. ಮಲಗಿಯೇ ಇದ್ದರೆ ಎದೆಯಲ್ಲಿ ಕಫ ಕಟ್ಟುತ್ತದೆ, ಕಾಲಿನ ಕಸುವು ಹೋಗುತ್ತದೆ. ಆದರೆ ಅದು ಅರ್ಧ ಮಾತು. ಎಷ್ಟು ಹೊತ್ತು ಕೂರಿಸಬೇಕು? ಎಂಥದರ ಮೇಲೆ? ತಾನಾಗಿ ಒಂದಿಂಚು ಸರಿಯಲಾರದ ಜೀವವನ್ನು ನಡುನಡುವೆ ಯಾರು ಎತ್ತಬೇಕು? ಇದನ್ನು ಹೇಳಲು ಒಬ್ಬರಿಗೆ ಎರಡು ನಿಮಿಷ ಸಾಕಿತ್ತು. ಏಳು ಮಾತ್ರೆ ಬರೆಯಲು ಪುರುಸೊತ್ತಿದ್ದ ಕೈಗೆ ಅಷ್ಟು ಇರಲಿಲ್ಲ.

ಸೀಟಣ್ಣ ಅಂದೇ ಅಂಗಡಿಗೆ ಹೋಗಿ ಅಕ್ಕನಿಗಾಗಿ ಸೀಟು ಹೊಲಿದ. ಕೆಳಗೆ ಪ್ಲೈವುಡ್ಡು, ಮೇಲೆ ಎರಡು ಪದರ ಗಟ್ಟಿ ಸ್ಪಂಜು, ಅದರ ಮೇಲೆ ತಮಟೆಯಂತೆ ಬಿಗಿದ ರೆಕ್ಸಿನ್. ಮುಷ್ಟಿ ಊರಿ ನೋಡಿದ. ಕುಸಿಯಲಿಲ್ಲ. ಕಿಟಕಿ ಪಕ್ಕದ ಕುರ್ಚಿಗೆ ಅದನ್ನು ಕೂರಿಸಿ, ಅದರ ಮೇಲೆ ಅಕ್ಕನನ್ನು ಕೂರಿಸಿದ. ಬೆಳಿಗ್ಗೆ ಏಳಕ್ಕೆ ಕೂತರೆ ರಾತ್ರಿ ಎಂಟಕ್ಕೆ ಹಾಸಿಗೆ. ನೋಡಲು ಬಂದವರೆಲ್ಲ, ಅಬ್ಬ, ಎಷ್ಟು ಚೆನ್ನಾಗಿ ಎದ್ದು ಕೂತಿದ್ದಾರೆ ಎಂದು ಕಾಫಿ ಕುಡಿದು ಹೋದರು. ನಮ್ಮ ಲೆಕ್ಕ ಅಷ್ಟೇ ತಾನೆ. ಮಲಗಿದವರು ರೋಗಿ, ಕೂತವರು ಗುಣವಾದವರು. ಕೂತವರ ಅಡಿ ಏನಾಗುತ್ತಿದೆ ಎಂದು ಕೇಳುವುದು ಸಭ್ಯತೆಯಲ್ಲ.

ಅಕ್ಕ ತಮಾಷೆ ಬಿಡಲಿಲ್ಲ. "ಬೆಳಗ್ಗಿಂದ ಹತ್ತಿ ಕೂತಿದೀನಿ, ಈ ಬಸ್ಸು ಹೊರಡೋ ಹಾಗೇ ಕಾಣಲ್ಲ. ಡ್ರೈವರ್ ಎಲ್ಲಿ ಸತ್ತ?" ಎಂದು ಕೇಳುವಳು. ತಮ್ಮ, ನೀನು ಮೊದಲು ಟಿಕೆಟ್ ತಗೋ ಎನ್ನುವನು. ಸೀಟು ಹೇಗಿದೆ ಎಂದು ಕೇಳಿದಾಗಲೆಲ್ಲ ಒಂದೇ ಉತ್ತರ: ಹೂವಿನ ಹಾಗಿದೆ.

ಮೂರನೆಯ ವಾರ ಮೈ ತೊಳೆಸುವಾಗ ಸೀಟಣ್ಣನ ಹೆಂಡತಿಗೆ ಬೆನ್ನಿನ ಬುಡದಲ್ಲಿ, ಬಾಲದ ಮೂಳೆಯ ಮೇಲೆ, ನಾಣ್ಯದಗಲದ ಕೆಂಪು ಕಂಡಿತು. ಬೆರಳಿಟ್ಟು ಒತ್ತಿದರೂ ಕೆಂಪು ಕೆಂಪಾಗಿಯೇ ಇತ್ತು, ಬಿಳಿಚಲಿಲ್ಲ. ಅದೇ ಮೊದಲ ಎಚ್ಚರಿಕೆ ಎಂದು ಅವಳಿಗೆ ಯಾರು ಹೇಳಿದ್ದರು? ಸೆಕೆಯ ಗುಳ್ಳೆ ಇರಬೇಕೆಂದು ಎಣ್ಣೆ ಹಚ್ಚಿ ತಿಕ್ಕಿದಳು. ತಿಕ್ಕಿದ್ದರಿಂದ ಮತ್ತಷ್ಟು ನಲುಗಿತು. ಇವರಿಗೆ ಹೇಳ್ತೀನಿ ಅತ್ತಿಗೆ ಅಂದಾಗ ಅಕ್ಕ ಅವಳ ಕೈ ಹಿಡಿದುಕೊಂಡಳು. "ಆ ಜಾಗದ ಮಾತು ತಮ್ಮನ ಹತ್ರ ಆಡ್ತಾರೇನೇ? ಸುಮ್ನಿರು."

ಹೆಂಡತಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಹೇಳಿದಳು. ಸೀಟಣ್ಣ ತನಗೆ ಗೊತ್ತಿದ್ದ ವಿದ್ಯೆಯನ್ನೇ ತೆಗೆದ. ತಾಗುವ ಕಡೆ ಸರಕು ಇರಬಾರದು, ಅಷ್ಟೇ ತಾನೆ? ಸೀಟಿನ ನಡುವೆ ತಟ್ಟೆಯಗಲದ ತೂತು ಕೊರೆದು, ಅಂಚು ಮಡಿಸಿ, ನೀಟಾಗಿ ಹೊಲಿದ. ಆ ಜಾಗ ಈಗ ಗಾಳಿಯಲ್ಲಿ ಎಂದು ಅಕ್ಕಪಕ್ಕದವರಿಗೆ ತೋರಿಸಿದ. ಅವರು ತಲೆದೂಗಿದರು. ಆ ಬಿಗಿ ಅಂಚು ಸುತ್ತಲೂ ಅಮುಕಿ, ಸೋತ ಚರ್ಮಕ್ಕೆ ಹೋಗುತ್ತಿದ್ದ ಒಂದಿಷ್ಟು ರಕ್ತವನ್ನೂ ತಡೆಯಿತು. ಒಂಬತ್ತೇ ದಿನ. ಚರ್ಮ ಒಡೆಯಿತು. ಕೋಣೆಯಲ್ಲಿ ವಾಸನೆ ಹುಟ್ಟಿತು. ಅಕ್ಕನ ಬಸ್ಸಿನ ತಮಾಷೆ ನಿಂತುಹೋಯಿತು.

ಗಾಯಕ್ಕೆ ಪಟ್ಟಿ ಕಟ್ಟಲು ಮನೆಗೆ ಬಂದ ನರ್ಸಮ್ಮ ಮೊದಲು ಹುಣ್ಣು ನೋಡಿದರು, ಆಮೇಲೆ ಸೀಟು ನೋಡಿದರು. ಇದನ್ನು ಯಾರು ಮಾಡಿದ್ದು ಎಂದು ಕೇಳಿದರು. ನಾನೇ ಎಂದ ಸೀಟಣ್ಣ, ಕೊಂಚ ಹೆಮ್ಮೆಯಿಂದಲೇ. ಆಕೆ ಬೈಯಲಿಲ್ಲ. ಅಕ್ಕನನ್ನು ಮೆಲ್ಲಗೆ ಕೂರಿಸಿ, ಹುಣ್ಣಿಲ್ಲದ ಕಡೆ, ಕೂರುವ ಮೂಳೆಯ ಕೆಳಗೆ ಅಂಗೈ ಮೇಲಾಗಿ ಕೈ ಇಡಲು ಅವನಿಗೆ ಹೇಳಿದರು. ಸೀಟಣ್ಣ ಹಿಂಜರಿದ. ಅಕ್ಕ ಗೋಡೆಯತ್ತ ಮುಖ ತಿರುಗಿಸಿದಳು. ನಾನು ಹೇಳೋ ತನಕ ಕೈ ತೆಗೀಬೇಡಿ ಎಂದು ನರ್ಸಮ್ಮ ಗಡಿಯಾರ ನೋಡುತ್ತ ನಿಂತರು.

ಮೂವತ್ನಾಲ್ಕು ಕಿಲೋ ತೂಕದ ಮುದುಕಿ. ಆ ಮೂಳೆ ಅವನ ಅಂಗೈಗೆ ಗುಂಡುಕಲ್ಲಿನಂತೆ ಇಳಿಯಿತು. ನಡುವೆ ಮಾಂಸವೆಂಬುದೇ ಇರಲಿಲ್ಲ. ಒಂದು ನಿಮಿಷಕ್ಕೆ ಬೆರಳು ಜುಮ್ಮೆಂದವು. ಇನ್ನೊಂದಕ್ಕೆ ಕೈ ತನ್ನದಲ್ಲ ಎನ್ನುವಂತಾಯಿತು.

"ತೆಗೀರಿ ಅಣ್ಣ. ನಿಮಗೆ ಎರಡು ನಿಮಿಷ. ಇವರಿಗೆ ದಿನಕ್ಕೆ ಹದಿಮೂರು ಗಂಟೆ."

ನಲವತ್ತೇಳು ವರ್ಷ ಮೇಲಿನಿಂದ ಗುದ್ದಿ ನೋಡಿದವನು ಮೊದಲ ಸಲ ಕೆಳಗಿನಿಂದ ನೋಡಿದ. ಬಸ್ಸಿನವನಿಗೆ ಮೈಯಲ್ಲಿ ಮಾಂಸವಿದೆ, ಅತ್ತಿತ್ತ ಹೊರಳುತ್ತಾನೆ, ತನ್ನ ಸ್ಟಾಪಿನಲ್ಲಿ ಇಳಿದು ಹೋಗುತ್ತಾನೆ. ಅಕ್ಕ ಇಳಿಯುವುದು ಎಲ್ಲಿ? ಸೀಟು ಕುಸಿಯದಿದ್ದರೆ ಮೈಯೇ ಕುಸಿಯಬೇಕು.

ನರ್ಸಮ್ಮ ಹೇಳಿದ್ದನ್ನೆಲ್ಲ ಅವನು ಮಾಡಿದ. ತೂತಿನ ಸೀಟು ಬಿಸಾಡಿದ. ಕೆಲಸಕ್ಕೆ ಬಾರದ್ದೆಂದು ಮೂಲೆಗೆಸೆದಿದ್ದ ಮೆದು ಸ್ಪಂಜಿನಿಂದ ಮೈ ಹುದುಗುವಂಥ ದಿಂಬು ಮಾಡಿ, ಸಡಿಲ ಬಟ್ಟೆ ಹೊದಿಸಿದ. ಪಾದ ನೆಲಕ್ಕೆ ತಾಗುವಂತೆ ಮಣೆ ಇಟ್ಟ. ಕೂರಿಸುವುದು ಊಟದ ಹೊತ್ತಿಗೆ ಮಾತ್ರ, ಅಲ್ಲೂ ಕಾಲು ಗಂಟೆಗೊಮ್ಮೆ ಮುಂದಕ್ಕೆ, ಪಕ್ಕಕ್ಕೆ ಬಾಗಿಸಿ ಭಾರ ಇಳಿಸುವುದು. ಹಾಸಿಗೆಯಲ್ಲಿ ಎರಡೆರಡು ಗಂಟೆಗೆ ಮಗ್ಗುಲು. ಗಂಡ ಹೆಂಡತಿ ಪಾಳಿ ಹಚ್ಚಿಕೊಂಡರು. ಅಂಗಡಿಗೆ ಬೀಗ ಬಿತ್ತು. ಹಾಲು, ಮೊಟ್ಟೆ, ತಿನ್ನಿಸಬಹುದಾದ್ದನ್ನೆಲ್ಲ ತಿನ್ನಿಸಿದರು.

ಆದರೆ ಹುಣ್ಣು ಅಷ್ಟರಲ್ಲಿ ಮೂಳೆ ಮುಟ್ಟಿತ್ತು. ಜ್ವರ ಬಂತು, ಇಳಿಯಲಿಲ್ಲ. ಒಂದು ಮಧ್ಯಾಹ್ನ ಮಗ್ಗುಲು ಬದಲಿಸುವಾಗ ಅಕ್ಕ ಮೊದಲ ಸಲ ನರಳಿದಳು.

"ನೋಯ್ತಿದೆ ಕಣೋ."

"ಎಲ್ಲಿ ಅಕ್ಕ?"

"ಅಲ್ಲೇ. ಮೊದಲ ದಿನದಿಂದ್ಲೂ."

ಮತ್ತೆ ಹೂವಿನ ಹಾಗಿದೆ ಅಂತಿದ್ದೆಯಲ್ಲ ಎಂದ.

"ನೀನು ಹೊಲಿದದ್ದಲ್ವಾ," ಅಂದಳು ಅಕ್ಕ. ಅವನ ಮುಖ ನೋಡದೆ, ನಿಂಗೆ ಬೇಜಾರಾಗುತ್ತೆ ಅಂತ ಎಂದು ಸೇರಿಸಿದಳು.

ಮೊದಲಿನ ಆಸ್ಪತ್ರೆಗೇ ಸೇರಿಸಿದ ಐದನೆಯ ದಿನ ತೀರಿಕೊಂಡಳು.

ಮರಣದ ಕಾಗದ ಬರೆಯುವ ಡಾಕ್ಟರು ಕಾರಣ ಎಂಬಲ್ಲಿ ವಯೋಸಹಜ ಎಂದು ಬರೆದು ಕೈಗೆ ಕೊಟ್ಟರು. ವಯೋಸಹಜವಂತೆ. ಬೆನ್ನಿನ ಬುಡದಲ್ಲಿ ಮುಷ್ಟಿ ಹಿಡಿಯುವಷ್ಟು ಗುಂಡಿ ಬೀಳುವುದು ಯಾವ ವಯಸ್ಸಿಗೆ ಸಹಜವೋ ನನಗೆ ತಿಳಿಯದು. ಸೀಟಣ್ಣ ಕಾಗದ ಓದಿ ಹಿಂದಕ್ಕೆ ಮೇಜಿನ ಮೇಲಿಟ್ಟ.

"ಹೀಗೆ ಬರೀಬೇಡಿ ಡಾಕ್ಟ್ರೇ. ನಮ್ಮಕ್ಕ ವಯಸ್ಸಾಗಿ ಸತ್ತಿಲ್ಲ. ಕೂರಿಸಿ ಕೊಂದ್ವಿ. ನಾನೂ, ನೀವೂ."

ಎಪ್ಪತ್ತಾರು ಆಗಿತ್ತಲ್ಲಪ್ಪ, ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ, ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದು ಡಾಕ್ಟರು ಸಮಾಧಾನ ಹೇಳಿದರು. ಸಮಾಧಾನ ಬೇಕಿಲ್ಲ, ಹುಣ್ಣು ಅಂತ ಬರೀರಿ ಎಂದ ಸೀಟಣ್ಣ. ಹಿಂದೆ ಕಾಯುತ್ತಿದ್ದವರು ಗೊಣಗಿದರು. ಹೆಂಡತಿ ತೋಳು ಹಿಡಿದೆಳೆದಳು. ಅವನು ಅಲುಗಲಿಲ್ಲ, ದನಿಯನ್ನೂ ಏರಿಸಲಿಲ್ಲ. ಬರೀರಿ, ಬರೀರಿ ಎಂದು ಅಷ್ಟೇ ಮೆಲ್ಲಗೆ ಹೇಳುತ್ತಲೇ ಇದ್ದ.

ಕೊನೆಗೆ ಡಾಕ್ಟರು ಪೆನ್ನು ಎತ್ತಿಕೊಂಡರು. ಮೊದಲು ಬರೆದದ್ದನ್ನು ಹೊಡೆದುಹಾಕಲಿಲ್ಲ. ಅದರ ಪಕ್ಕದಲ್ಲಿ, ಸಣ್ಣ ಅಕ್ಷರದಲ್ಲಿ, ಒತ್ತಡದ ಹುಣ್ಣಿನಿಂದ ನಂಜು ಎಂದು ಸೇರಿಸಿದರು. ವಯಸ್ಸಿನ ತಪ್ಪು ಮೊದಲು, ನಮ್ಮ ತಪ್ಪು ಆಮೇಲೆ. ಸೀಟಣ್ಣ ಅದನ್ನು ಎರಡು ಸಲ ಓದಿ, ಮಡಚಿ ಜೇಬಿಗಿಟ್ಟುಕೊಂಡು, ಅಕ್ಕನ ಹೆಣ ಪಡೆಯಲು ಹೋದ.